ಹೇಗ್ ನಗರದ ಮೇಷ್ಟರು ಮತ್ತು ಎರಡು ಸ್ಥಿರಾಂಕಗಳು

ನಮ್ಮ ಅಡಿಗೆಮನೆಯ ಗ್ಯಾಸ್ ಸಿಲಿಂಡರಿನಲ್ಲಿರುವುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಕೆಳಗೆ ದ್ರವ, ಮೇಲೆ ಆವಿ. ಪ್ರೊಪೇನ್ −42 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ, ಬ್ಯೂಟೇನ್ −0.5ರಲ್ಲಿ. ಆದ್ದರಿಂದ ಆವಿಯಲ್ಲಿ ಪ್ರೊಪೇನಿನ ಪಾಲು ದ್ರವದಲ್ಲಿರುವುದಕ್ಕಿಂತ ಹೆಚ್ಚು. ಎಷ್ಟು ಹೆಚ್ಚು?

ಫ್ರಾನ್ಸಿನ ರೌಲ್ 1887ರ ಸುಮಾರಿಗೆ ಇದಕ್ಕೊಂದು ಸರಳ ನಿಯಮ ಕೊಟ್ಟನು: ಶುದ್ಧ ದ್ರವದ ಆವಿಯ ಒತ್ತಡವನ್ನು ಮಿಶ್ರಣದಲ್ಲಿ ಅದಕ್ಕಿರುವ ಪಾಲಿನಿಂದ ಗುಣಿಸಿರಿ. ಕಡಿಮೆ ಒತ್ತಡದಲ್ಲಿ ಇದು ಸಾಕು. ಆದರೆ ತೈಲಬಾವಿಯಲ್ಲಿ ಮೀಥೇನ್ ಇರುತ್ತದೆ. −82.6 ಡಿಗ್ರಿಗಿಂತ ಮೇಲೆ ಎಷ್ಟು ಒತ್ತಿದರೂ ಶುದ್ಧ ಮೀಥೇನ್ ದ್ರವವಾಗದು. ಎಣ್ಣೆಯಲ್ಲಿ ಮಾತ್ರ ಕರಗಿ ಕುಳಿತಿರುತ್ತದೆ. ಇಲ್ಲದ ದ್ರವಕ್ಕೆ ಆವಿಯ ಒತ್ತಡವೆಲ್ಲಿಯದು? ಲೆಕ್ಕ ತಪ್ಪಿದರೆ ಅನಿಲದ ಕೊಳವೆಯೊಳಗೆ ದ್ರವ ಕಟ್ಟಿಕೊಂಡು ಯಂತ್ರಗಳು ಹಾಳಾಗುತ್ತವೆ.

ಇದಕ್ಕೆ ಬೇಕಾದ ಕೀಲಿಕೈ ರೌಲನಿಗಿಂತ ಮೊದಲೇ ಸಿದ್ಧವಾಗಿತ್ತು. ಅದನ್ನು ಮಾಡಿದವರು ಹಾಲೆಂಡಿನ ಹೇಗ್ ನಗರದ ಒಬ್ಬ ಹೈಸ್ಕೂಲ್ ಮೇಷ್ಟರು, ವಾನ್ ಡರ್ ವಾಲ್ಸ್. ಬಡಗಿಯ ಮಗ, ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತ ಮೇಲೆ ಬಂದವರು. ಲ್ಯಾಟಿನ್, ಗ್ರೀಕ್ ಬಾರದೆಂಬ ಕಾರಣಕ್ಕೆ ವಿಶ್ವವಿದ್ಯಾನಿಲಯದ ಪರೀಕ್ಷೆಗಳ ಬಾಗಿಲು ಅವರಿಗೆ ಮುಚ್ಚಿತ್ತು. (ಭೌತವಿಜ್ಞಾನಕ್ಕೂ ಗ್ರೀಕ್ ವ್ಯಾಕರಣಕ್ಕೂ ಏನು ಸಂಬಂಧವೋ, ಆ ಕಾಲದವರನ್ನೇ ಕೇಳಬೇಕು!) ನಿಯಮ ಸಡಿಲವಾದ ಮೇಲೆ 1873ರಲ್ಲಿ, 35ನೆಯ ವಯಸ್ಸಿನಲ್ಲಿ, ಲೈಡನ್ನಿಗೆ ಪ್ರಬಂಧ ಒಪ್ಪಿಸಿದರು. ಅನಿಲ ಮತ್ತು ದ್ರವ ಎರಡನ್ನೂ ಒಂದೇ ಸಮೀಕರಣದಲ್ಲಿ ಹಿಡಿಯಬಹುದು ಎಂಬುದು ಅದರ ಸಾರ. ಅಣುಗಳ ಪರಸ್ಪರ ಸೆಳೆತಕ್ಕೊಂದು ಸ್ಥಿರಾಂಕ, ಅವು ಆಕ್ರಮಿಸುವ ಜಾಗಕ್ಕೊಂದು. 1890ರಲ್ಲಿ ಅದನ್ನು ಅವರೇ ಮಿಶ್ರಣಗಳಿಗೂ ವಿಸ್ತರಿಸಿದರು. 1910ರಲ್ಲಿ ನೊಬೆಲ್ ಬಹುಮಾನ ಬಂದಿತು.

ಆದರೆ ಎಂಜಿನಿಯರುಗಳಿಗೆ ಬೇಕಾದುದು ಅಂಕಿ. ಅಲ್ಲಿ ಸಮೀಕರಣ ಸೋತಿತು. ಕ್ರಾಂತಿಕ ಬಿಂದುವಿನಲ್ಲಿ ಒಂದು ಅನುಪಾತ 0.375 ಬರಬೇಕೆಂದು ಅದು ಹೇಳುತ್ತದೆ. ಹೈಡ್ರೋಕಾರ್ಬನ್‌ಗಳಲ್ಲಿ ಅಳೆದರೆ ಸಿಗುವುದು 0.27ರ ಆಸುಪಾಸು. 1940ರಲ್ಲಿ ಬೆನೆಡಿಕ್ಟ್, ವೆಬ್ ಮತ್ತು ರೂಬಿನ್ ಎಂಟು ಸ್ಥಿರಾಂಕಗಳ ಸಮೀಕರಣ ಕಟ್ಟಿದರು. ಅದು ಚೆನ್ನಾಗಿಯೇ ಇತ್ತು, ಕೈಯಿಂದ ಲೆಕ್ಕ ಮಾಡುವವನ ಪಾಡು ಮಾತ್ರ ಕೇಳಬೇಡಿ. 1953ರಲ್ಲಿ ಡಿಪ್ರೀಸ್ಟರನ ನಕ್ಷೆಗಳು ಬಂದವು: ಉಷ್ಣತೆಗೂ ಒತ್ತಡಕ್ಕೂ ನಡುವೆ ಅಡಿಪಟ್ಟಿ ಇಟ್ಟು ಉತ್ತರ ಓದಿಕೊಳ್ಳುವುದು.

ಹಳೆಯ ಎರಡು ಸ್ಥಿರಾಂಕಗಳನ್ನು ಮರಳಿ ಕೈಗೆತ್ತಿಕೊಂಡವರು ರೆಡ್ಲಿಕ್ ಮತ್ತು ಕ್ವಾಂಗ್, 1949ರಲ್ಲಿ. ರೆಡ್ಲಿಕ್ 1938ರಲ್ಲಿ ನಾಜಿಗಳ ದೆಸೆಯಿಂದ ವಿಯೆನ್ನಾ ತೊರೆದು ಅಮೆರಿಕ ಸೇರಿದ್ದರು. ಸೆಳೆತವು ಉಷ್ಣತೆಯೊಂದಿಗೆ ಕುಗ್ಗುತ್ತದೆಂದು ತಿದ್ದಿದರು. ಅನಿಲಕ್ಕೆ ಅದು ಒಪ್ಪಿತು, ದ್ರವಕ್ಕೆ ಅಷ್ಟಾಗಿ ಒಪ್ಪಲಿಲ್ಲ. 1972ರಲ್ಲಿ ಇಟಲಿಯ ಸೊಆವೆ ಪ್ರತಿಯೊಂದು ಪದಾರ್ಥದ ನಿಜವಾದ ಆವಿಯ ಒತ್ತಡಕ್ಕೆ ಹೊಂದುವಂತೆ ಆ ತಿದ್ದುಪಡಿಯನ್ನು ಪಳಗಿಸಿದರು. ನನ್ನ ಮಟ್ಟಿಗೆ ಈ ಕಥೆಯ ನಿಜವಾದ ತಿರುವು ಇದೇ. 1976ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದ ಪೆಂಗ್ ಮತ್ತು ರಾಬಿನ್ಸನ್ ದ್ರವದ ಸಾಂದ್ರತೆಯನ್ನೂ ಸುಧಾರಿಸಿದರು. ಇಂದಿಗೂ ಅನಿಲ ಸ್ಥಾವರಗಳ ಕಂಪ್ಯೂಟರುಗಳು ಬಳಸುವುದು ಬಹುಮಟ್ಟಿಗೆ ಇವರ ಮತ್ತು ಸೊಆವೆಯ ಸಮೀಕರಣಗಳನ್ನೇ. ಎರಡರಲ್ಲಿಯೂ ಮೇಷ್ಟರ ಆ ಎರಡು ಅಕ್ಷರಗಳು, ಎ ಮತ್ತು ಬಿ, ಹಾಗೆಯೇ ಉಳಿದಿವೆ. ಮಿಶ್ರಣಕ್ಕೆ ನೀರೋ ಮದ್ಯಸಾರವೋ ಸೇರಿದಾಗ ಮಾತ್ರ ಅವು ತಡವರಿಸುತ್ತವೆ. ಅದಕ್ಕಾಗಿ ಬೇರೆಯ ದಾರಿಗಳನ್ನು ಹುಡುಕಬೇಕಾಯಿತು.