ಮಂದ ಬೆಳಕಿನ ರಂಗಚಿತ್ರಗಳ ಸಾಕ್ಷ್ಯಮೌಲ್ಯ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಪೌರಾಣಿಕ ನಾಟಕಗಳನ್ನು ಕುರಿತು

1. ವ್ಯಾಪ್ತಿ

ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ‘ಕುರುಕ್ಷೇತ್ರ’ದಂತಹ ಪೌರಾಣಿಕ ನಾಟಕಗಳನ್ನು ಊರಿನವರೇ ಹಾರ್ಮೋನಿಯಂ ಮೇಷ್ಟ್ರ ಬಳಿ ಕಲಿತು, ಬಾಡಿಗೆಯ ಸೀನರಿ ಕಟ್ಟಿಸಿ, ರಾತ್ರಿಯಿಡೀ ಆಡುತ್ತ ಬಂದಿದ್ದಾರೆ. ಇದರ ಹಿಂದೆ ಕಂಪನಿ ರಂಗಭೂಮಿಯ ಪ್ರಭಾವವಿದೆ. ಇದೇ ಜಿಲ್ಲೆಯ ಗುಬ್ಬಿ ಕಂಪನಿ ಸ್ಥಾಪನೆಯಾದದ್ದು 1884ರಲ್ಲಿ. ಆನೆ, ಕುದುರೆಗಳನ್ನು ರಂಗಕ್ಕೆ ತಂದ ಅದರ ‘ಕುರುಕ್ಷೇತ್ರ’ 1934ರದು. ಇಂತಹ ನಾಟಕಗಳ ಫೋಟೋಗಳಿಂದ ಏನನ್ನು ಖಚಿತವಾಗಿ ಹೇಳಬಹುದು, ಏನನ್ನು ಹೇಳಲಾಗದು ಎಂಬುದಷ್ಟೇ ಇಲ್ಲಿನ ವಿಚಾರ. ಹಗಲ ಬೆಳಕು ತಲುಪದ ಎಲ್ಲ ರಂಗಗಳನ್ನೂ, ಅಂದರೆ ರಂಗಮಂದಿರ, ತಗಡಿನ ಥಿಯೇಟರು, ಮೂರು ಕಡೆ ಪರದೆ ಕಟ್ಟಿದ ಚಪ್ಪರಗಳನ್ನು, ಒಳಾಂಗಣವೆಂದೇ ಪರಿಗಣಿಸಿದೆ.

2. ಬೆಳಕು ಮತ್ತು ಎಕ್ಸ್‌ಪೋಷರ್ ಅವಧಿ

ಲೆಕ್ಕಕ್ಕಾಗಿ ನಟನ ಮುಖದ ಮೇಲೆ ಬೀಳುವ ಬೆಳಕನ್ನು 160 ಲಕ್ಸ್ ಎಂದು ಇಟ್ಟುಕೊಳ್ಳಲಾಗಿದೆ. ಇದು ಅಳತೆಯಲ್ಲ, ಊಹೆ. ಪ್ರಚಲಿತ ಸೂತ್ರದಂತೆ ಇದು ಐಎಸ್‌ಓ 100ಕ್ಕೆ ಎಕ್ಸ್‌ಪೋಷರ್ ಮೌಲ್ಯ 6ಕ್ಕೆ ಸಮ. ಎಫ್ 2.8 ಅಪರ್ಚರಿನಲ್ಲಿ ಐಎಸ್‌ಓ 100ಕ್ಕೆ ಸುಮಾರು 1/8 ಸೆಕೆಂಡು, 400ಕ್ಕೆ 1/30, 3200ಕ್ಕೆ 1/250 ಬೇಕಾಗುತ್ತದೆ. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಚಲಿಸುವ ಕೈ 1/30 ಸೆಕೆಂಡಿನಲ್ಲಿ ಸುಮಾರು 6.7 ಸೆಂ.ಮೀ., 1/250ರಲ್ಲಿ 0.8 ಸೆಂ.ಮೀ. ಸರಿಯುತ್ತದೆ.

1930ರ ದಶಕದ ಫಿಲ್ಮು ಇಂದಿನ ಐಎಸ್‌ಓ 25ಕ್ಕೆ ಸಮನಾಗಿತ್ತು, ಲೆನ್ಸಿನ ಅಪರ್ಚರು ಎಫ್ 4.5 ಇತ್ತು ಎಂದುಕೊಂಡರೆ ಇದೇ ಬೆಳಕಿಗೆ 1¼ ಸೆಕೆಂಡು ಹಿಡಿಯುತ್ತದೆ. ಆದ್ದರಿಂದ ಆ ಕಾಲದ ಚಿತ್ರದಲ್ಲಿ ಭೀಮನ ಎತ್ತಿದ ಗದೆ ಸ್ಪಷ್ಟವಾಗಿ ಮೂಡಿದ್ದರೆ, ಅದು ಆಟದ ನಡುವೆ ಸಿಕ್ಕ ಕ್ಷಣವಾಗಿರದೆ ಫೋಟೋಕ್ಕಾಗಿಯೇ ನಿಂತ ಭಂಗಿಯಾಗಿರುವ ಸಂಭವ ಹೆಚ್ಚು. ಇದಕ್ಕೆ ಅಪವಾದ ಫ್ಲ್ಯಾಶ್. ಹಿಂದಿನ ಪರದೆಯ ಮೇಲೆ ನಟನ ಗಡಸು ಅಂಚಿನ ನೆರಳು ಬಿದ್ದಿದ್ದರೆ, ಕಿರೀಟ, ಭುಜಕೀರ್ತಿಗಳ ಕನ್ನಡಿ ಚೂರುಗಳು ಕ್ಯಾಮೆರಾದ ದಿಕ್ಕಿಗೇ ಮಿಂಚಿದ್ದರೆ ಫ್ಲ್ಯಾಶ್ ಬಳಕೆಯನ್ನು ಊಹಿಸಬಹುದು. ಅಂಥ ಚಿತ್ರ ವೇಷಭೂಷಣಕ್ಕೆ ಸಾಕ್ಷಿಯಾದೀತು. ಅಂದಿನ ರಂಗದ ಬೆಳಕಿಗೆ ಸಾಕ್ಷಿಯಾಗದು.

3. ಫಿಲ್ಮ್ ವೇಗದ ಅಂಕಿಯಲ್ಲಿ ವ್ಯತ್ಯಾಸ

ಕೊಡ್ಯಾಕ್ ಟ್ರೈ-ಎಕ್ಸ್ 35 ಎಂ.ಎಂ. ಮತ್ತು ರೋಲ್ ಫಿಲ್ಮಿನ ರೂಪದಲ್ಲಿ ಬಂದದ್ದು 1954ರಲ್ಲಿ. ಆಗ ಅದರ ವೇಗ ಎಎಸ್‌ಎ 200. 1960ರಲ್ಲಿ ಅಮೆರಿಕದ ಮಾನದಂಡ ಪರಿಷ್ಕೃತವಾಗಿ, ಹಿಂದಿನ ಅಂಕಿಯಲ್ಲಿ ಸೇರಿದ್ದ ಸುರಕ್ಷತೆಯ ಅಂತರವನ್ನು ತೆಗೆದ ಮೇಲೆ ಅದು 400 ಆಯಿತು. ಬದಲಾದದ್ದು ಮುಖ್ಯವಾಗಿ ಅಳೆಯುವ ಕ್ರಮ. ಆದ್ದರಿಂದ ನೆಗೆಟಿವ್ ಲಕೋಟೆಯ ಮೇಲೆ ‘200’ ಎಂದು ಬರೆದಿದ್ದರೆ ಅದನ್ನು ಇಂದಿನ ಐಎಸ್‌ಓ 200 ಎಂದು ಓದುವ ಮುನ್ನ ವರ್ಷವನ್ನು ನೋಡಬೇಕು. ಇಲ್ಲವಾದರೆ ರಂಗದ ಬೆಳಕಿನ ಅಂದಾಜು ಒಂದು ಸ್ಟಾಪಿನಷ್ಟು ತಪ್ಪುತ್ತದೆ.

4. ದೀಪಗಳ ಮಿಡಿತ

ಪೆಟ್ರೋಮ್ಯಾಕ್ಸ್ ಬೆಳಕಿಗೆ ವಿದ್ಯುತ್ ಮಿಡಿತವಿಲ್ಲ. ತಂತಿ ಬಲ್ಬು ಮತ್ತು ಹ್ಯಾಲೊಜೆನ್‌ಗಳಲ್ಲಿ ಬಿಸಿ ತಂತಿ ಬೇಗ ಆರದ ಕಾರಣ ಏರಿಳಿತ ಕಡಿಮೆ. ಭಾರತದ ವಿದ್ಯುತ್ ಆವರ್ತನ 50 ಹರ್ಟ್ಸ್. ಹಳೆಯ ಚೋಕ್ ಅಳವಡಿಸಿದ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. 1/100 ಸೆಕೆಂಡಿನ ಎಕ್ಸ್‌ಪೋಷರಿಗೆ ಒಂದು ಪೂರ್ಣ ಏರಿಳಿತ ದಕ್ಕಿದರೆ, 1/250ಕ್ಕೆ ಅದರ ಶೇ. 40 ಮಾತ್ರ. ಹೀಗಾಗಿ ಒಂದೇ ದೃಶ್ಯದ ಸಾಲು ಚಿತ್ರಗಳಲ್ಲಿ ಹೊಳಪೂ ಬಣ್ಣವೂ ಬೇರೆಬೇರೆಯಾಗಿ ಕಾಣಬಹುದು. ಅದನ್ನು ದೀಪವಿನ್ಯಾಸದ ಬದಲಾವಣೆ ಎಂದು ದಾಖಲಿಸುವುದು ಸರಿಯಾಗದು. ಕೆಲವು ಎಲ್‌ಇಡಿ ದೀಪಗಳ ಮಿಡಿತದ ಆವರ್ತನ ಇದಕ್ಕಿಂತ ಹೆಚ್ಚು. ಅಲ್ಲಿ ಅಡ್ಡಪಟ್ಟೆಗಳು ಮೂಡುತ್ತವೆ, ವಿಶೇಷವಾಗಿ ಎಲೆಕ್ಟ್ರಾನಿಕ್ ಷಟರ್ ಬಳಸಿದಾಗ. ಚಲನೆಯನ್ನು ನಿಲ್ಲಿಸಲು 1/250 ಬೇಕು, ಬೆಳಕಿನ ಸಮತೆಗೆ 1/100 ಬೇಕು. ಮಿಡಿತವನ್ನು ಗುರುತಿಸಿ ಷಟರನ್ನು ಹೊಂದಿಸುವ ಸೌಲಭ್ಯ ಕ್ಯಾನನ್ 7ಡಿ ಮಾರ್ಕ್ 2ರಲ್ಲಿ (2014) ಬಂತು. ಅದು 100 ಮತ್ತು 120 ಹರ್ಟ್ಸ್ ಮಿಡಿತಕ್ಕೆ ಅನ್ವಯಿಸುತ್ತದೆ. ಎಲ್ಲ ಎಲ್‌ಇಡಿಗಳಿಗೆ ಅಲ್ಲ.

5. ದಿನಾಂಕದ ತೊಡಕು

ಕರಪತ್ರದಲ್ಲಿ ಇರುವುದು ಆಟ ಆರಂಭವಾಗುವ ದಿನದ ತಾರೀಖು. ಪಂಚಾಂಗದ ವಾರ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಕ್ಯಾಮೆರಾದ ದಿನಾಂಕ ಮಧ್ಯರಾತ್ರಿಗೆ ಬದಲಾಗುತ್ತದೆ. ಹಾಗಾಗಿ ಒಂದೇ ಆಟದ ಚಿತ್ರಗಳಲ್ಲಿ ಎರಡು ದಿನಾಂಕಗಳಿರುವುದು ಸಹಜ. ಅವು ಎರಡು ಪ್ರದರ್ಶನಗಳಲ್ಲ.

ಇನ್ನೊಂದು ಸೂಕ್ಷ್ಮವಿದೆ. ಡಿಜಿಟಲ್ ಚಿತ್ರದೊಳಗಿನ ಎಕ್ಸಿಫ್ ದಾಖಲೆಗೆ ಸಮಯವಲಯವನ್ನು ಸೂಚಿಸುವ ಪ್ರತ್ಯೇಕ ಅಂಕಣ ಸೇರಿದ್ದು 2016ರ 2.31ನೇ ಆವೃತ್ತಿಯಲ್ಲಿ. ಅದಕ್ಕೂ ಹಿಂದಿನ ಕ್ಯಾಮೆರಾ ಗ್ರೀನಿಚ್ ಸಮಯದಲ್ಲೇ ಉಳಿದಿದ್ದರೆ 5 ಗಂಟೆ 30 ನಿಮಿಷ ಹಿಂದಿರುತ್ತದೆ. ಉದಾಹರಣೆಗೆ, 11ನೇ ತಾರೀಖು ರಾತ್ರಿ 9ಕ್ಕೆ ಶುರುವಾದ ಆಟವನ್ನು 12ರ ನಸುಕಿನ 2 ಗಂಟೆಗೆ ತೆಗೆದರೆ ದಾಖಲಾಗುವುದು 11ರ ರಾತ್ರಿ 8.30. ದಿನಾಂಕ ಕರಪತ್ರಕ್ಕೆ ಹೊಂದುತ್ತದೆ, ಗಂಟೆ ಹೊಂದುವುದಿಲ್ಲ. ದಿನಾಂಕ ಒಂದನ್ನೇ ತಾಳೆ ನೋಡಿದವರಿಗೆ ಈ ದೋಷ ಕಾಣದೆ ಹೋಗಬಹುದು. ಆಟ ಶುರುವಾದದ್ದೇ ತಡವಾಗಿರಬಹುದಾದ್ದರಿಂದ ದೃಶ್ಯಗಳ ಅನುಕ್ರಮವನ್ನೂ ಜೊತೆಗಿಟ್ಟು ನೋಡಬೇಕು.

6. ತಾತ್ಕಾಲಿಕ ನಿಲುವು

ಮಂದ ಬೆಳಕಿನಲ್ಲಿ ತೆಗೆದ ಹಳೆಯ ಸ್ಪಷ್ಟ ಚಿತ್ರಗಳು ವೇಷ, ಪರದೆ, ಪಾತ್ರಧಾರಿಗಳ ಸಾಲಿನ ಬಗ್ಗೆ ನಂಬಬಹುದಾದ ಆಧಾರ. ಅಭಿನಯದ ಬಗ್ಗೆ ಅವು ದುರ್ಬಲ ಆಧಾರ. ಕೈ ಮಸುಕಾಗಿ, ಮುಖ ಅರೆಬರೆಯಾಗಿ ಮೂಡಿದ ಚಿತ್ರವು, ಬೇರೆ ಪುರಾವೆ ಹೊಂದಿಕೊಂಡರೆ, ನಡೆಯುತ್ತಿದ್ದ ಆಟಕ್ಕೆ ಹೆಚ್ಚು ಹತ್ತಿರವಿರಬಹುದು. ಆದ್ದರಿಂದ ಸಂಗ್ರಹಕ್ಕೆ ಆರಿಸುವಾಗ ಮಸುಕು ಎಂಬ ಒಂದೇ ಕಾರಣಕ್ಕೆ ಚಿತ್ರವನ್ನು ಕೈಬಿಡಬಾರದು. ಹೊಸದಾಗಿ ದಾಖಲಿಸುವವರು ಪ್ರತಿ ಚಿತ್ರದೊಂದಿಗೆ ದೀಪದ ಬಗೆ, ಷಟರ್, ಅಪರ್ಚರ್, ಐಎಸ್‌ಓ, ಫ್ಲ್ಯಾಶ್ ಬಳಕೆ, ಕರಪತ್ರದ ತಾರೀಖು, ಕ್ಯಾಮೆರಾ ಗಡಿಯಾರಕ್ಕೂ ಭಾರತೀಯ ಸಮಯಕ್ಕೂ ಇರುವ ಅಂತರ, ಇಷ್ಟನ್ನು ಬರೆದಿಟ್ಟರೆ ಮುಂದಿನ ಸಂಶೋಧಕರು ಮೇಲಿನ ಊಹೆಗಳನ್ನು ಅಳತೆಗಳಿಂದಲೇ ಪರೀಕ್ಷಿಸಬಹುದು.