ಅಲೆಯುವವರೂ ಶಾಸನವೂ

ನೆಲೆಯಿಲ್ಲದೆ ಅಲೆಯುವವರನ್ನು ಕಂಡೊಡನೆ ನಮಗೆ ಕಳ್ಳತನದ ಶಂಕೆ ಹುಟ್ಟುವುದುಂಟು. ಈ ಶಂಕೆಯೇ ಶಾಸನವಾಗಿ ಪರಿಣಮಿಸಿದರೆ ಏನಾಗುವುದೆಂಬುದನ್ನು ಕೊರಚರ ಚರಿತ್ರೆಯಿಂದ ನಾವು ತಿಳಿಯಬಹುದು.

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮದರಾಸು ಆಧಿಪತ್ಯದ ಕೊರಚರು ಕರಾವಳಿಯ ಉಪ್ಪನ್ನು ಎತ್ತು ಕತ್ತೆಗಳ ಮೇಲೆ ಹೇರಿ ತಂದು, ಒಳನಾಡಿನಲ್ಲಿ ಧಾನ್ಯಕ್ಕೆ ಮಾರುತ್ತಿದ್ದರು. ಹಳ್ಳಿಗರಿಗೆ ಅವರು ಬೇಕಾದವರೇ ಆಗಿದ್ದರು. ಮುಂದೆ ರೈಲು ಬಂದಿತು. ಉಪ್ಪಿನ ಮೇಲೆ ಸರ್ಕಾರದ ಹಿಡಿತವು ಬಿಗಿಯಾಯಿತು. 1882ರ ಅರಣ್ಯ ಶಾಸನದಿಂದ ಮೇವೂ ಬಿದಿರೂ ದುರ್ಲಭವಾದುವು. ಕಸುಬು ಕೆಟ್ಟಿತು, ಅಲೆದಾಟವು ಉಳಿಯಿತು.

ಉತ್ತರ ಹಿಂದೂಸ್ಥಾನದಲ್ಲಿ 1871ರಲ್ಲಿ ಮೊದಲಾದ ಅಪರಾಧಿ ಬುಡಕಟ್ಟುಗಳ ಕಾಯಿದೆಯು 1911ರ ಶಾಸನದ ಮೂಲಕ ಮದರಾಸಿಗೂ ವ್ಯಾಪಿಸಿತು. ಒಬ್ಬನ ತಪ್ಪನ್ನು ವಿಚಾರಿಸುವ ಬದಲು ಇಡೀ ಕುಲವನ್ನೇ ಅಪರಾಧಿಯೆಂದು ಸಾರಲು ಇದರಿಂದ ಅಧಿಕಾರ ದೊರೆಯಿತು. ಹೆಸರು ದಾಖಲೆ, ಬೆರಳಚ್ಚು, ಪೋಲೀಸರ ಮುಂದೆ ಹಾಜರಿ, ಊರು ಬಿಡಲು ರಹದಾರಿ, ಇವೆಲ್ಲವೂ ಬಂದುವು. ಹೊಟ್ಟೆಗಾಗಿ ತಿರುಗುವುದೇ ದಂಡನೆಗೆ ಕಾರಣವಾಯಿತು.

ಅಂದು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಹುಬ್ಬಳ್ಳಿಯಲ್ಲಿ ಇಂತಹ ಕುಲಗಳಿಗಾಗಿ ‘ಸೆಟ್ಲ್‌ಮೆಂಟ್’ ಏರ್ಪಟ್ಟಿತು. ಅಲ್ಲಿ ಸೂರು, ಶಾಲೆ, ಕೂಲಿಗಳು ದೊರೆತುವು, ಸ್ವಾತಂತ್ರ್ಯವೊಂದು ದೊರೆಯಲಿಲ್ಲ.

1952ರ ಆಗಸ್ಟ್ 31ರಂದು ಕಾಯಿದೆಯು ರದ್ದಾಯಿತು. ಕಳಂಕವು ಮಾತ್ರ ಅಷ್ಟು ಸುಲಭವಾಗಿ ಅಳಿಯಲಿಲ್ಲ.

ಕಸುಬನ್ನು ಕೆಡಿಸಿದುದೂ ಕಸುಬು ಕೆಟ್ಟವರನ್ನು ದಂಡಿಸಿದುದೂ ಒಂದೇ ಆಳಿಕೆ ಎಂಬುದನ್ನು ನಾವು ಮರೆಯಲಾಗದು. ಆದುದರಿಂದ ನೆಲೆ ತಪ್ಪಿದವರನ್ನು ಕುರಿತು ಶಾಸನ ಮಾಡುವವರು, ಆ ನೆಲೆಯು ತಪ್ಪಿದುದು ಹೇಗೆಂದು ಮೊದಲು ವಿಚಾರಿಸುವುದೇ ನ್ಯಾಯ.