ಕುಪ್ಪಳಿ ಗ್ರಾಮದ ಗಣ್ಯರು

ಕುಪ್ಪಳಿಯು ಶಿವಮೊಗ್ಗ ಜಿಲ್ಲೆ, ತೀರ್ಥಹಳ್ಳಿ ತಾಲ್ಲೂಕಿನ ಮಲೆನಾಡಿನ ಒಂದು ಸಣ್ಣ ಗ್ರಾಮವಾಗಿದ್ದು, ಇಲ್ಲಿನ ಒಂದೇ ಮನೆತನವು ಕನ್ನಡ ಸಾಹಿತ್ಯಕ್ಕೆ ಇಬ್ಬರು ಪ್ರಮುಖ ಲೇಖಕರನ್ನು ನೀಡಿರುತ್ತದೆ.

ರಾಷ್ಟ್ರಕವಿ ಕುವೆಂಪು (ಕೆ.ವಿ. ಪುಟ್ಟಪ್ಪ) ಅವರ ಜನ್ಮಸ್ಥಳ ಕುಪ್ಪಳಿಯೆಂದು ಅನೇಕರು ನಮೂದಿಸುವುದುಂಟು. ಕಾವ್ಯನಾಮದ ಮೊದಲಕ್ಷರವೇ ಊರಿನದಾಗಿರುವುದರಿಂದ ಹೀಗೆ ಭಾವಿಸುವುದು ಸಹಜ, ಆದರೆ ಸರಿಯಲ್ಲ. ಅವರು ದಿನಾಂಕ 29-12-1904ರಂದು ಜನಿಸಿದ್ದು ತಾಯಿಯ ತವರೂರಾದ, ಚಿಕ್ಕಮಗಳೂರು ಜಿಲ್ಲೆ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಬಾಲ್ಯ ಕಳೆದದ್ದು ತಂದೆಯ ಊರಾದ ಕುಪ್ಪಳಿಯಲ್ಲಿ. (ಅರ್ಜಿಗಳಲ್ಲಿ ‘ಜನ್ಮಸ್ಥಳ’ ಹಾಗೂ ‘ಸ್ವಂತ ಊರು’ ಎಂಬ ಅಂಕಣಗಳನ್ನು ಭರ್ತಿ ಮಾಡುವವರೂ ಈ ವ್ಯತ್ಯಾಸವನ್ನು ಗಮನಿಸುವುದು ಒಳಿತು.) ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯಕ್ಕೆ 1967ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದಿದ್ದು, ಕನ್ನಡಕ್ಕೆ ಈ ಗೌರವ ದೊರೆತದ್ದು ಅದೇ ಮೊದಲು. ದಿನಾಂಕ 11-11-1994ರಂದು ಮೈಸೂರಿನಲ್ಲಿ ನಿಧನರಾದ ಅವರ ಸಮಾಧಿಯು ಕುಪ್ಪಳಿಯ ಕವಿಶೈಲದಲ್ಲಿದೆ. ಪೂರ್ವಿಕರ ಮನೆಯು ‘ಕವಿಮನೆ’ ಎಂಬ ಹೆಸರಿನಲ್ಲಿ ವಸ್ತುಸಂಗ್ರಹಾಲಯವಾಗಿದ್ದು, ಸಾರ್ವಜನಿಕರು ವೀಕ್ಷಿಸಬಹುದಾಗಿದೆ.

ಕುವೆಂಪು ಅವರ ಪುತ್ರ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು (1938–2007) ಮೂಡಿಗೆರೆಯಲ್ಲಿ ಕೃಷಿಕರಾಗಿ ನೆಲೆಸಿ ‘ಕರ್ವಾಲೊ’ ಮೊದಲಾದ ಕೃತಿಗಳನ್ನು ರಚಿಸಿದರು. ಊರು ಬಿಟ್ಟು ಬೇರೆಡೆ ಬಾಳಿದರೂ ಅವರ ಸ್ಮಾರಕವು ಕುಪ್ಪಳಿಯಲ್ಲಿಯೇ ಇರುತ್ತದೆ.